ವ್ಯಾಟ್ ನೋಡಿ ಮರುಳಾಗುವ ಮುನ್ನ: ಆಮದು ಜೀಪಿನ ಹಿಂದಿನ ಸ್ಪೀಕರ್ ಬದಲಿಸುವುದು ಹೇಗೆ

ಪಾಂಡವಪುರದ ನಮ್ಮ ಸೋದರಮಾವ ಹೋದ ವರ್ಷ ಸೆಕೆಂಡ್ ಹ್ಯಾಂಡ್ ಜೀಪ್ ರಾಂಗ್ಲರ್ ತಂದರು. ಕಬ್ಬಿನ ಗದ್ದೆಯ ಬದು, ಕುಂತಿಬೆಟ್ಟದ ಬುಡ, ಮೇಲುಕೋಟೆಯ ಏರು, ಎಲ್ಲ ಕಡೆ ಗಾಡಿ ಸಲೀಸಾಗಿ ಓಡಿತು. ಮಳೆಗಾಲ ಮುಗಿದ ಮೇಲೆ ಒಂದು ದಿನ ಫೋನು ಬಂತು. "ಲೋ, ಹಿಂದ್ಗಡೆ ಸ್ಪೀಕರ್ ಗೊರ್ರ್ ಅಂತದೆ ಕಣ್ಲಾ. ಹಾಡು ಕೇಳ್ತಿದ್ದೀನೋ ಅಕ್ಕಿ ಮಿಲ್ಲಲ್ಲಿ ಕೂತಿದ್ದೀನೋ ಗೊತ್ತಾಯ್ತಿಲ್ಲ."

ಮೈಸೂರಿನ ಒಂದು ಅಂಗಡಿಯಲ್ಲಿ ವಿಚಾರಿಸಿದ್ದಾರೆ. ಅವರು ಸ್ಪೀಕರ್ ಮೇಲಿನ ಜಾಲಿಯನ್ನೂ ಬಿಚ್ಚದೆ, "600 ವ್ಯಾಟಿಂದು ಒಂದು ಜೋಡಿ ಹಾಕ್ಸಿ ಸಾರ್, ಜೊತೆಗೊಂದು ಆಂಪ್ಲಿಫೈಯರ್" ಅಂದಿದ್ದಾರೆ. ಮಾವನ ಪ್ರಶ್ನೆ ನೇರವಾಗಿತ್ತು: "600 ವ್ಯಾಟ್ ಅಂದ್ರೆ ಮುಕ್ಕಾಲು ಎಚ್‌ಪಿ ಮೋಟ್ರು ಕಣೋ. ಅಷ್ಟು ಕರೆಂಟು ಆ ಡೆಕ್ಕಿಂದ ಎಲ್ಲಿ ಬಂದದು?"

ಪಂಪ್‌ಸೆಟ್ ಓಡಿಸಿದವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. (ಡೆಕ್ಕು ಎಂದರೆ ಡ್ಯಾಶ್‌ಬೋರ್ಡಿನ ಹಾಡಿನ ಪೆಟ್ಟಿಗೆ, ಆಂಪ್ಲಿಫೈಯರ್ ಅದರ ದನಿಗೆ ಬಲ ಕೂಡಿಸುವ ಪೆಟ್ಟಿಗೆ.) ಸ್ಪೀಕರ್ ಬದಲಿಸುವ ಇಡೀ ವಿದ್ಯೆ ಆ ಪ್ರಶ್ನೆಯ ಸುತ್ತಲೇ ಇದೆ. ಜೀಪ್ ಕಂಪನಿ 2016ರಲ್ಲಿ ಭಾರತಕ್ಕೆ ಬಂದಾಗ ರಾಂಗ್ಲರ್ ಪೂರ್ತಿ ಕಟ್ಟಿದ ಗಾಡಿಯಾಗಿಯೇ ಹಡಗಿನಲ್ಲಿ ಬರುತ್ತಿತ್ತು. ಪುಣೆ ಹತ್ತಿರದ ರಂಜನ್‌ಗಾಂವ್‌ನಲ್ಲಿ ಅದನ್ನು ಜೋಡಿಸತೊಡಗಿದ್ದು 2021ರಲ್ಲಿ. ಮೊದಲ ಕಂತಿನ ಆ ಗಾಡಿಗಳು ಈಗ ಎರಡನೆಯ, ಮೂರನೆಯ ಕೈಗೆ ಬರುವ ವಯಸ್ಸಿಗೆ ಬಂದಿವೆ. ಎಂಜಿನ್ ಗಟ್ಟಿಯಾಗಿರುತ್ತದೆ, ಸ್ಪೀಕರ್ ಸತ್ತಿರುತ್ತದೆ.

ಹಿಂದಿನ ಸ್ಪೀಕರ್ ಇರುವುದೆಲ್ಲಿ

ಮಾಮೂಲಿ ಕಾರಿನಲ್ಲಿ ಹಿಂದಿನ ಸ್ಪೀಕರ್ ಹಿಂದಿನ ಬಾಗಿಲಲ್ಲೋ ಡಿಕ್ಕಿಯ ಮೇಲಿನ ಹಲಗೆಯಲ್ಲೋ ಇರುತ್ತದೆ. ರಾಂಗ್ಲರ್‌ನ ಬಾಗಿಲನ್ನು ಬಿಚ್ಚಿ ಮನೆಯಲ್ಲಿ ಬಿಟ್ಟು ಹೋಗಬಹುದು, ಚಾವಣಿಯನ್ನೂ ಕಳಚಬಹುದು. ಕಳಚಿ ಬರುವ ಭಾಗಕ್ಕೆ ಸ್ಪೀಕರ್ ಕೂರಿಸಿದರೆ ಪ್ರತಿ ಸಲವೂ ವೈರು ಬಿಚ್ಚಬೇಕಾಗುತ್ತದೆ. ಅದಕ್ಕೆ ಗಾಡಿ ಮಗುಚಿದರೆ ಜನರನ್ನು ಕಾಯುವ ಕಬ್ಬಿಣದ ಚೌಕಟ್ಟಿದೆಯಲ್ಲ, ಅದರ ಅಡ್ಡ ಕಂಬಿಗೆ ಒಂದು ಪ್ಲಾಸ್ಟಿಕ್ ತೊಟ್ಟಿ ಕಟ್ಟಿ, ಎರಡೂ ತುದಿಗೆ ಒಂದೊಂದು ಸ್ಪೀಕರ್ ಕೂರಿಸಿದ್ದಾರೆ. ಇದಕ್ಕೆ ಸೌಂಡ್ ಬಾರ್ ಎನ್ನುತ್ತಾರೆ. 2007ರಿಂದ 2018ರವರೆಗೆ ಬಂದ ಜೆಕೆ ಮಾದರಿಯಲ್ಲಿ ಇವು ಆರೂವರೆ ಇಂಚಿನವು. 2020ರಿಂದ ಬರುತ್ತಿರುವ ನಮ್ಮ ಮಹೀಂದ್ರ ಥಾರ್‌ನಲ್ಲೂ ಚಾವಣಿಯಲ್ಲಿ ಸ್ಪೀಕರ್ ಇರುವುದರಿಂದ, ಈ ಲೇಖನದ ಮುಕ್ಕಾಲು ಭಾಗ ಅದಕ್ಕೂ ಹೊಂದುತ್ತದೆ.

ಈ ಜಾಗದಿಂದ ಎರಡು ಪರಿಣಾಮಗಳಿವೆ. ಚಾವಣಿ ತೆಗೆದಾಗ ಮಳೆ, ದೂಳು, ಬಿಸಿಲು ಮೊದಲು ಮುಟ್ಟುವುದು ಅಲ್ಲಿಗೇ. ಇನ್ನೊಂದು ಕೊಂಚ ವಿಚಿತ್ರ: ಹೆಸರಿಗೆ ಅದು ಹಿಂದಿನ ಸ್ಪೀಕರ್, ಆದರೆ ಮುಂದೆ ಕೂತವರ ತಲೆಗೆ ಡ್ಯಾಶ್‌ಬೋರ್ಡಿನ ಸ್ಪೀಕರಿಗಿಂತ ಅದೇ ಹತ್ತಿರ. ಇದರ ಫಜೀತಿ ಕೊನೆಯಲ್ಲಿ ಹೇಳುತ್ತೇನೆ.

ಸ್ಪೀಕರ್ ಒಳಗೆ ಏನಿದೆ, ಹೇಗೆ ಕೆಡುತ್ತದೆ

ಸ್ಪೀಕರ್ ಎಂದರೆ ಕರೆಂಟನ್ನು ಗಾಳಿಯ ಅಲುಗಾಟವಾಗಿ ಬದಲಿಸುವ ಸಲಕರಣೆ. ಹಿಂಬದಿಯಲ್ಲಿ ಉಂಗುರದಂಥ ಮ್ಯಾಗ್ನೆಟ್. ಅದರ ನಡುವಿನ ಸಂದಿಯಲ್ಲಿ ತಾಮ್ರದ ತಂತಿ ಸುತ್ತಿದ ಸಣ್ಣ ಕೊಳವೆ, ಅದೇ ಕಾಯಿಲ್. ಡೆಕ್ಕಿನಿಂದ ಬಂದ ಕರೆಂಟು ಕಾಯಿಲಿನಲ್ಲಿ ಹರಿದಾಗ ಮ್ಯಾಗ್ನೆಟ್ ಅದನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತದೆ. ಕಾಯಿಲಿಗೆ ಅಂಟಿಸಿದ ಕೋನ್ ಗಾಳಿಯನ್ನು ನೂಕುತ್ತದೆ. ಕೋನಿನ ಅಂಚಿನಲ್ಲಿ ರಬ್ಬರಿನದೋ ಫೋಮಿನದೋ ಒಂದು ಬಳೆ ಇರುತ್ತದೆ. ಕೋನ್ ಅಲುಗಬೇಕು, ಆದರೆ ಅಡ್ಡಾದಿಡ್ಡಿ ಹೋಗಬಾರದು. ಅದನ್ನು ನೋಡಿಕೊಳ್ಳುವುದು ಆ ಬಳೆ.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಫೋಮ್ ಬಳೆ ಬಿಸಿಲಿಗೂ ತೇವಕ್ಕೂ ಹಳೇ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಕಾಗದದ ಕೋನ್ ನೀರು ಕುಡಿದು ಸೊಟ್ಟಗಾಗುತ್ತದೆ. ಕಾಯಿಲ್ ಅತಿಯಾಗಿ ಕಾದು ಸುಡುತ್ತದೆ, ಇಲ್ಲವೇ ಅದರ ಸಂದಿಗೆ ದೂಳು ಸೇರಿ ಉಜ್ಜತೊಡಗುತ್ತದೆ. ಮಣ್ಣಿನಲ್ಲಿ ಕಬ್ಬಿಣದ ಅಂಶದ ಕಪ್ಪು ಕಣಗಳಿರುತ್ತವೆ. ಚಿಕ್ಕವರಿದ್ದಾಗ ಒಡೆದ ಸ್ಪೀಕರಿನ ಮ್ಯಾಗ್ನೆಟ್ಟನ್ನು ಮರಳಲ್ಲಿ ಎಳೆದಾಡಿಸಿದವರಿಗೆ ಅದಕ್ಕೆ ಮೀಸೆ ಬೆಳೆದಂತೆ ಮೆತ್ತಿಕೊಳ್ಳುತ್ತಿದ್ದ ಪುಡಿ ನೆನಪಿರಬಹುದು. ಅದೇ ಪುಡಿ ಸ್ಪೀಕರಿನ ಸಂದಿಗೆ ಹೋದರೆ ಮ್ಯಾಗ್ನೆಟ್ ಅದನ್ನು ಬಿಟ್ಟುಕೊಡುವುದಿಲ್ಲ. ಮಾವನ ಗಾಡಿಯ ಎಡಗಡೆ ಸ್ಪೀಕರಿಗೆ ಆಗಿದ್ದೂ ಅದೇ. ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರ್‌ಗಳ ಹಿಂದೆ ಚಾವಣಿ ತೆಗೆದುಕೊಂಡು ಓಡಾಡಿದರೆ ಇನ್ನೇನಾಗುತ್ತದೆ?

ಕೆಟ್ಟಿರುವುದು ಸ್ಪೀಕರೇ ಹೌದಾ?

ದುಡ್ಡು ಬಿಚ್ಚುವ ಮೊದಲು ಹತ್ತು ನಿಮಿಷದ ಪರೀಕ್ಷೆ ಸಾಕು. ಡೆಕ್ಕಿನಲ್ಲಿ ಫೇಡರ್ ಎಂಬ ಸೆಟ್ಟಿಂಗ್ ಇರುತ್ತದೆ. ದನಿಯನ್ನು ಮುಂದಕ್ಕೆ ಹಿಂದಕ್ಕೆ ಹಂಚುವುದು ಅದರ ಕೆಲಸ. ಪೂರ್ತಿ ಹಿಂದಕ್ಕೆ ತಿರುಗಿಸಿ, ಆಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮಾಡಿ ಕೇಳಿ. ಯಾವುದು ಗೊರಗುಡುತ್ತಿದೆ ಅಂತ ಗೊತ್ತಾಗುತ್ತದೆ. ಜಾಲಿ ತೆಗೆದು, ಐದೂ ಬೆರಳನ್ನು ಕೋನಿನ ಸುತ್ತ ಸಮನಾಗಿ ಇಟ್ಟು ಮೆಲ್ಲಗೆ ಒತ್ತಿ. ಉಪ್ಪುಕಾಗದ ಉಜ್ಜಿದ ಸದ್ದು ಬಂದರೆ ಕಾಯಿಲ್ ಮುಗಿದ ಕತೆ.

ಆ ಸದ್ದು ಇಲ್ಲದಿದ್ದರೆ ಕರೆಂಟು, ತಡೆ ಅಳೆಯುವ ಮಲ್ಟಿಮೀಟರ್ ತೆಗೆಯಿರಿ. ಸ್ಪೀಕರಿನ ಎರಡು ತುದಿಗೆ ಹಿಡಿದಾಗ 4 ಓಮ್ (ಓಮ್ ಅಂದರೆ ತಡೆಯ ಅಳತೆ) ಸ್ಪೀಕರ್ ಸುಮಾರು ಮೂರೂಕಾಲಿನಿಂದ ಮೂರೂಮುಕ್ಕಾಲು ತೋರಿಸುತ್ತದೆ. ಕಡಿಮೆ ತೋರಿಸಿತಲ್ಲ ಅಂತ ಗಾಬರಿ ಬೇಡ: ಡಬ್ಬದ ಮೇಲಿನ 4 ಅನ್ನುವುದು ಹಾಡು ಓಡುವಾಗಿನ ತಡೆ, ಮೀಟರ್ ಅಳೆಯುವುದು ಬರೀ ತಂತಿಯ ತಡೆ. ಏನೂ ತೋರಿಸದಿದ್ದರೆ ತಂತಿ ಎಲ್ಲೋ ಕಡಿದಿದೆ. ಸ್ಪೀಕರ್ ಚೆನ್ನಾಗಿದ್ದೂ ದನಿ ಬರದಿದ್ದರೆ ತಪ್ಪು ವೈರು ಸಿಕ್ಕಿಸುವ ಕಪ್ಲರಿನಲ್ಲೋ ವೈರಿನಲ್ಲೋ ಡೆಕ್ಕಿನಲ್ಲೋ ಇದೆ. ಎಡಗಡೆಯ ಕಪ್ಲರಿಗೆ ಬಲಗಡೆಯ ಸ್ಪೀಕರನ್ನು ಸಿಕ್ಕಿಸಿ ನೋಡಿದರೆ ಅದೂ ಬಯಲಾಗುತ್ತದೆ. ಎಷ್ಟೋ ಸಲ ಗೊರಗುಟ್ಟುವುದು ಸ್ಪೀಕರ್ ಅಲ್ಲವೇ ಅಲ್ಲ, ಸೌಂಡ್ ಬಾರಿನ ಪ್ಲಾಸ್ಟಿಕ್. ಸ್ಕ್ರೂ ಬಿಗಿ ಮಾಡಿದರೆ ಮುಗಿಯಿತು.

ಆ 600 ವ್ಯಾಟ್ ಎಲ್ಲಿಂದ ಬಂತು?

ಮಾವನ ಪ್ರಶ್ನೆಗೆ ಈಗ ಬರೋಣ. ವ್ಯಾಟ್ ಎಂದರೆ ಒಂದು ಸೆಕೆಂಡಿಗೆ ಎಷ್ಟು ಶಕ್ತಿ ಎಂಬ ಲೆಕ್ಕ. ಸ್ಪೀಕರಿನ ಡಬ್ಬದ ಮೇಲೆ ಬರೆದಿರುವ ವ್ಯಾಟ್, ಸ್ಪೀಕರ್ ಕೊಡುವ ಶಕ್ತಿಯಲ್ಲ, ಅದು ಸುಡದೆ ತಡೆದುಕೊಳ್ಳುವ ಶಕ್ತಿ. ನೂರು ಕೆ.ಜಿ. ಹೊರುವ ಮೂಟೆಗೆ ಹತ್ತು ಕೆ.ಜಿ. ರಾಗಿ ತುಂಬಿದರೆ ಅದು ಹತ್ತು ಕೆ.ಜಿ.ಯೇ.

ಅದರಲ್ಲೂ ಎರಡು ಬಗೆಯ ಅಂಕಿಗಳಿವೆ. ದೊಡ್ಡಕ್ಷರದ್ದು ಪೀಕ್: ಕಣ್ಣು ಮಿಟುಕಿಸುವಷ್ಟು ಹೊತ್ತು ತಡೆದುಕೊಳ್ಳುವುದು. ಸಣ್ಣಕ್ಷರದ್ದು ಆರ್‌ಎಂಎಸ್: ಗಂಟೆಗಟ್ಟಲೆ ತಡೆದುಕೊಳ್ಳುವುದು. ಎತ್ತಿನ ಗಾಡಿ ಓಟದಲ್ಲಿ ಅರ್ಧ ನಿಮಿಷ ನುಗ್ಗುವ ಜೋಡಿಯನ್ನೇ ಇಡೀ ದಿನ ಉಳುಮೆಗೆ ಕಟ್ಟಿ ನೋಡಿ, ವ್ಯತ್ಯಾಸ ತಿಳಿಯುತ್ತದೆ. ಕೊಳ್ಳುವಾಗ ಹುಡುಕಬೇಕಾದದ್ದು ಆರ್‌ಎಂಎಸ್ ಅಂಕಿ. ಅಂಗಡಿಯವರು ಹೇಳುವುದು ಸಾಮಾನ್ಯವಾಗಿ ಇನ್ನೊಂದು.

ಇನ್ನು ಡೆಕ್ಕಿನ ಕಡೆ. ಬಹಳಷ್ಟು ಡೆಕ್ಕುಗಳ ಮುಖದ ಮೇಲೆ "50 ವ್ಯಾಟ್ × 4" ಎಂದಿರುತ್ತದೆ. ಇದು ಪೂರ್ತಿ ಸುಳ್ಳಲ್ಲ, ನಿಜವೂ ಅಲ್ಲ. ಎಂಜಿನ್ ಓಡುವಾಗ ಗಾಡಿಯ ಬ್ಯಾಟರಿ ತಂತಿಯಲ್ಲಿ ಸುಮಾರು 14.4 ವೋಲ್ಟ್ ಇರುತ್ತದೆ. ವ್ಯಾಟ್ ಬೇಕಾದರೆ ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ ಓಮ್‌ನಿಂದ ಭಾಗಿಸಬೇಕು. 14.4ನ್ನು 14.4ರಿಂದ ಗುಣಿಸಿ 4ರಿಂದ ಭಾಗಿಸಿದರೆ ಸುಮಾರು 52. 50 ಹುಟ್ಟಿದ್ದು ಇಲ್ಲಿಂದ. ಆದರೆ ಹೀಗೆ ಪೂರ್ತಿ ವೋಲ್ಟ್ ಸದಾ ಹರಿದರೆ ಬರುವುದು ಹಾಡಲ್ಲ, ಕರ್ಕಶ ಗದ್ದಲ. ಹಾಡಿನ ಅಲೆ ಏರುತ್ತದೆ, ಇಳಿಯುತ್ತದೆ. ಆ ಏರಿಳಿತದ ಸರಾಸರಿ ಹಿಡಿದು, ಡೆಕ್ಕಿನೊಳಗಿನ ಚಿಪ್ ತಾನೇ ನುಂಗುವ ಒಂದೆರಡು ವೋಲ್ಟ್ ಕಳೆದರೆ ಉಳಿಯುವುದು ಸ್ಪೀಕರ್ ಒಂದಕ್ಕೆ 20 ವ್ಯಾಟ್ ಆಸುಪಾಸು.

ಅಂದರೆ ಮಾವ ಕೇಳಿದ್ದು ಸರಿ. 600 ವ್ಯಾಟ್ ಬರೆದ ಸ್ಪೀಕರಿಗೂ ಆ ಡೆಕ್ಕಿನಿಂದ ಸಿಗುವುದು 20 ವ್ಯಾಟೇ.

ಇಳುವರಿ ಎಷ್ಟು?

ಮಂಡ್ಯದವರಿಗೆ ಈ ಭಾಗ ವಿವರಿಸುವುದು ಸುಲಭ. ಇಬ್ಬರು ರೈತರು ಒಂದೊಂದು ಟನ್ ಕಬ್ಬು ಕಳಿಸಿದರೂ ಸಕ್ಕರೆ ಒಂದೇ ಪ್ರಮಾಣದಲ್ಲಿ ಬರುವುದಿಲ್ಲ. ಇಳುವರಿ ಬೇರೆ. ಸ್ಪೀಕರಿಗೂ ಅಂಥದ್ದೊಂದು ಇಳುವರಿಯ ಅಂಕಿ ಇದೆ, ಸೆನ್ಸಿಟಿವಿಟಿ ಅಂತ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ನಿಂತು ಅಳೆದರೆ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬುದೇ ಆ ಅಂಕಿ. ಸಾಮಾನ್ಯವಾಗಿ 87ರಿಂದ 93ರ ನಡುವೆ ಇರುತ್ತದೆ.

ನೋಡಲು ಚಿಕ್ಕ ವ್ಯತ್ಯಾಸ, ಪರಿಣಾಮ ದೊಡ್ಡದು. ಡೆಸಿಬೆಲ್ ಲೆಕ್ಕದಲ್ಲಿ 3 ಹೆಚ್ಚಾಯಿತೆಂದರೆ ಶಕ್ತಿ ಇಮ್ಮಡಿಸಿತು ಎಂದರ್ಥ. 92 ಡೆಸಿಬೆಲ್‌ನ ಸ್ಪೀಕರ್ 10 ವ್ಯಾಟಿನಲ್ಲಿ ಮಾಡುವ ಸದ್ದಿಗೆ 89ರ ಸ್ಪೀಕರಿಗೆ 20 ವ್ಯಾಟ್ ಬೇಕು. ಕಿವಿಗೆ "ಎರಡರಷ್ಟು ಜೋರು" ಅನ್ನಿಸಲು ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಹತ್ತು ಪಟ್ಟು ಶಕ್ತಿ. ಡೆಕ್ಕಿನ 20 ವ್ಯಾಟನ್ನೇ ನಂಬಿರುವವರು 600 ಎಂಬ ಅಂಕಿಯನ್ನು ಬಿಟ್ಟು ಈ ಇಳುವರಿಯನ್ನು ನೋಡಿ ಕೊಂಡರೆ, ಆಂಪ್ಲಿಫೈಯರಿನ ಖರ್ಚೇ ಉಳಿಯಬಹುದು.

ಇಲ್ಲಿ ಒಂದು ಸಣ್ಣ ಕಣ್ಕಟ್ಟಿದೆ. ಕೆಲವರು ಒಂದು ವ್ಯಾಟ್ ಬದಲು 2.83 ವೋಲ್ಟ್ ಕೊಟ್ಟು ಅಳೆಯುತ್ತಾರೆ. 8 ಓಮ್ ಸ್ಪೀಕರಿಗೆ ಅದು ಸರಿಯಾಗಿ ಒಂದು ವ್ಯಾಟ್. ಕಾರಿನ 4 ಓಮ್ ಸ್ಪೀಕರಿಗೆ ಅದೇ ಎರಡು ವ್ಯಾಟ್ ಆಗುತ್ತದೆ, ಅಂಕಿ ಪುಕ್ಕಟೆಯಾಗಿ 3 ಏರುತ್ತದೆ. ಎರಡು ಡಬ್ಬ ಹೋಲಿಸುವಾಗ ಪಕ್ಕದಲ್ಲಿ ವ್ಯಾಟ್ ಬರೆದಿದೆಯೋ ವೋಲ್ಟ್ ಬರೆದಿದೆಯೋ ನೋಡಿ.

ಓಮ್ ತಪ್ಪಿದರೆ

ಓಮ್ ಎಂದರೆ ಕರೆಂಟಿಗೆ ಇರುವ ತಡೆ. ವಿಶ್ವೇಶ್ವರಯ್ಯ ನಾಲೆಯ ತೂಬನ್ನು ನೆನೆಸಿಕೊಳ್ಳಿ: ಬಾಗಿಲು ತಗ್ಗಿಸಿದಷ್ಟೂ ನೀರು ಕಡಿಮೆ, ಎತ್ತಿದಷ್ಟೂ ಹೆಚ್ಚು. 4 ಓಮ್ ಇರಬೇಕಾದ ಕಡೆ 2 ಓಮ್ ಸ್ಪೀಕರ್ ಹಾಕಿದರೆ ತೂಬನ್ನು ಇನ್ನಷ್ಟು ಎತ್ತಿದ ಹಾಗೆ, ಕರೆಂಟು ಎರಡರಷ್ಟು ಹರಿಯುತ್ತದೆ. ಸದ್ದು ಹೆಚ್ಚುವುದು ನಿಜ. ಆದರೆ ಅಷ್ಟು ಹರಿಸಲು ಮಾಡದ ಡೆಕ್ಕು ಕಾದು, ತಾನೇ ಆಫ್ ಆಗುತ್ತದೆ, ಇಲ್ಲವೇ ಸುಡುತ್ತದೆ.

ಆಮದು ಗಾಡಿಯಲ್ಲಿ ಈ ತೊಡಕು ತಿರುವುಮುರುವಾಗಿಯೂ ಬರುತ್ತದೆ. ದುಬಾರಿ ಮಾದರಿಗಳಿಗೆ ಕಂಪನಿಯೇ ಪ್ರತ್ಯೇಕ ಆಂಪ್ಲಿಫೈಯರ್ ಕೊಟ್ಟು, ಅದಕ್ಕೆ ಹೊಂದುವಂತೆ 2 ಓಮ್ ಸ್ಪೀಕರ್ ಹಾಕಿರುವುದುಂಟು. ಅದನ್ನು ಅರಿಯದೆ ಅಂಗಡಿಯಲ್ಲಿ ಸಿಗುವ 4 ಓಮ್ ಜೋಡಿ ಹಾಕಿದರೆ ಏನೂ ಸುಡುವುದಿಲ್ಲ, ಆದರೆ ಹೊಸ ಸ್ಪೀಕರ್ ಹಳೆಯದಕ್ಕಿಂತ ಮೆತ್ತಗೆ ಹಾಡುತ್ತದೆ. "ಇಷ್ಟು ದುಡ್ಡು ಕೊಟ್ಟು ಹಾಕಿಸಿದ್ದು ಇದಕ್ಕಾ" ಅಂತ ಬೈದುಕೊಳ್ಳುವವರಲ್ಲಿ ಬಹಳ ಮಂದಿ ಈ ಗುಂಪಿನವರು. ಹಳೆಯ ಸ್ಪೀಕರನ್ನು ಬಿಚ್ಚಿ ಮೀಟರ್ ಹಿಡಿದು, ಮ್ಯಾಗ್ನೆಟ್ಟಿನ ಬೆನ್ನ ಮೇಲಿನ ಬರಹ ಓದಿ, ಆಮೇಲೆ ಅಂಗಡಿಗೆ ಹೋಗಬೇಕು.

ಅಳತೆ, ಬಗೆ

ಆರೂವರೆ ಇಂಚು ಅನ್ನುವುದು ಅಂದಾಜಿನ ಹೆಸರು. ಸ್ಕ್ರೂ ತೂತುಗಳ ಅಂತರ, ಕೂರುವ ರಂಧ್ರದ ಅಗಲ, ಮ್ಯಾಗ್ನೆಟ್ಟಿನ ಆಳ ಕಂಪನಿಯಿಂದ ಕಂಪನಿಗೆ ಬೇರೆ. ಸೌಂಡ್ ಬಾರಿನ ತೊಟ್ಟಿ ಆಳವಿಲ್ಲದ್ದು, ದಪ್ಪ ಮ್ಯಾಗ್ನೆಟ್ ಹಿಂದಿನ ಕಂಬಿಗೆ ತಗಲುತ್ತದೆ. ಸ್ಕೇಲಿನಲ್ಲಿ ಆಳ ಅಳೆದುಕೊಂಡು ಹೋಗಿ. ತೂತು ಹೊಂದದಿದ್ದರೆ ನಡುವೆ ಹಾಕುವ ಪ್ಲಾಸ್ಟಿಕ್ ರಿಂಗ್ ಸಿಗುತ್ತದೆ.

ಬಗೆ ಎರಡು: ಒಂದೇ ಚೌಕಟ್ಟಿನಲ್ಲಿ ಕೋನಿನ ನಡುವೆಯೇ ಕೀರಲು ದನಿಯ ಟ್ವೀಟರ್ ಕೂತಿರುವುದು ಕೋಆಕ್ಸಿಯಲ್. ಎರಡನ್ನೂ ಬೇರೆ ಬೇರೆ ಕಡೆ ಕೂರಿಸುವುದು ಕಾಂಪೊನೆಂಟ್. ಹಿಂದಕ್ಕೆ ಕೋಆಕ್ಸಿಯಲ್ ಸಾಕು. ಎರಡು–ಮೂರು ಸಾವಿರ ರೂಪಾಯಿಗೂ ಜೋಡಿ ಸಿಗುತ್ತದೆ. ಮಾವನ ಹಾಗೆ ಹೆಚ್ಚಾಗಿ 100.6ರಲ್ಲಿ ಮೈಸೂರು ಆಕಾಶವಾಣಿ ಕೇಳುವವರಿಗಂತೂ ವಿಶೇಷ ಟ್ವೀಟರಿನಿಂದ ಲಾಭವಿಲ್ಲ, ಎಫ್‌ಎಂ ಪ್ರಸಾರದಲ್ಲಿ 15,000 ಹರ್ಟ್ಜ್‌ಗಿಂತ ಮೇಲಿನ ಕೀರಲು ದನಿ ಬರುವುದೇ ಇಲ್ಲ.

ಮಳೆ, ದೂಳು, ಬಿಸಿಲು

ತೆರೆದ ಗಾಡಿಗೆ ಕಾಗದದ ಕೋನ್ ಬೇಡ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಕೋನ್, ಫೋಮಿನ ಬದಲು ರಬ್ಬರ್ ಬಳೆ ಇರುವುದನ್ನು ಆರಿಸಿ. ದೋಣಿಗಳಿಗೆಂದೇ ಮಾಡುವ ಮೆರೀನ್ ಸ್ಪೀಕರುಗಳು ನೀರು, ಉಪ್ಪು, ಬಿಸಿಲು ಮೂರನ್ನೂ ತಡೆಯುತ್ತವೆ. ಡಬ್ಬದ ಮೇಲೆ ಐಪಿ 65 ಎಂಬಂಥ ಗುರುತಿದ್ದರೆ ಮೊದಲ ಅಂಕಿ ದೂಳಿನದು, ಎರಡನೆಯದು ನೀರಿನದು. 6 ಎಂದರೆ ದೂಳು ಒಳಗೆ ಹೋಗದು, 5 ಎಂದರೆ ಪೈಪಿನಿಂದ ಚಿಮ್ಮಿಸಿದ ನೀರು ತಡೆದೀತು. ಹಾಗಂತ ವಾಟರ್ ಸರ್ವೀಸಿನವರ ಪ್ರೆಷರ್ ಗನ್ನನ್ನು ಜಾಲಿಗೆ ಹಿಡಿಸಬೇಡಿ.

ಬಿಚ್ಚುವುದು, ಜೋಡಿಸುವುದು

ಮೊದಲ ಕೆಲಸ ಬ್ಯಾಟರಿಯ ನೆಗೆಟಿವ್ ಕಳಚುವುದು. ಹಳೆಯ ಆಮದು ಗಾಡಿಗಳ ಕೆಲವು ಡೆಕ್ಕುಗಳು ಬ್ಯಾಟರಿ ಮತ್ತೆ ಕೂರಿಸಿದಾಗ ಕೋಡ್ ಕೇಳುತ್ತವೆ. ಗಾಡಿಯ ಕಾಗದಪತ್ರದ ನಡುವೆ ಅದು ಇದೆಯಾ ಅಂತ ಮೊದಲೇ ಹುಡುಕಿಡಿ. ಯಾವುದೇ ಗಾಡಿಯಲ್ಲಿ ಹಳದಿ ಕಪ್ಲರ್, ಹಳದಿ ಹೊದಿಕೆಯ ವೈರ್ ಕಂಡರೆ ಕೈ ಹಾಕಬೇಡಿ, ಸಾಮಾನ್ಯವಾಗಿ ಅದು ಏರ್‌ಬ್ಯಾಗಿನದು.

ಜೀಪಿನಲ್ಲಿ ಬಹಳ ಕಡೆ ನಕ್ಷತ್ರದ ಬಾಯಿಯ ಸ್ಟಾರ್ ಸ್ಕ್ರೂ ಇರುತ್ತದೆ. ಮಾಮೂಲಿ ಸ್ಕ್ರೂ ಡ್ರೈವರ್ ತೂರಿಸಿ ತಿರುವಿದರೆ ಬಾಯಿ ಸವೆದು, ಆಮೇಲೆ ಡ್ರಿಲ್ ಮಾಡಿ ತೆಗೆಯಬೇಕಾಗುತ್ತದೆ. ಕಂಪನಿಯ ಕಪ್ಲರನ್ನು ಕತ್ತರಿಸಬೇಡಿ. ಒಂದು ಕಡೆ ಗಾಡಿಯ ಕಪ್ಲರಿಗೂ ಇನ್ನೊಂದು ಕಡೆ ಸ್ಪೀಕರಿಗೂ ಹೊಂದುವ ಅಡಾಪ್ಟರ್ ವೈರ್ ಸಿಗುತ್ತದೆ. ಸಿಗಲೇ ಇಲ್ಲವೆಂದರೆ ಬೆಸುಗೆ ಹಾಕಿ, ಕಾಯಿಸಿದರೆ ಕುಗ್ಗುವ ಸ್ಲೀವ್ ತೊಡಿಸಿ. ವೈರು ತಿರುಚಿ ಟೇಪು ಸುತ್ತಿದ್ದು ಒಂದು ಮಳೆಗಾಲ ಬಾಳುವುದಿಲ್ಲ.

ಪ್ಲಸ್–ಮೈನಸ್ ವಿಷಯದಲ್ಲಿ ನಾನೇ ಎಡವಿದೆ. ಮಾವನ ಗಾಡಿಗೆ ಹೊಸ ಜೋಡಿ ಕೂರಿಸಿ ಹಾಡು ಹಾಕಿದರೆ ತಬಲಾ ಇದೆ, ಅದರ ಗುಂಯ್ ಇಲ್ಲ. ಬಲಗಡೆಯದರ ವೈರು ತಿರುವುಮುರುವಾಗಿತ್ತು. ಎಡಗಡೆಯ ಕೋನ್ ಮುಂದೆ ಬರುವಾಗ ಬಲಗಡೆಯದು ಹಿಂದೆ ಹೋಗುತ್ತಿತ್ತು. ಒಂದು ತೊಟ್ಟಿಲನ್ನು ಎರಡು ಕಡೆಯಿಂದ ಇಬ್ಬರು ಒಟ್ಟಿಗೆ ತಳ್ಳಿದರೆ ಅದು ಆಡುವುದಿಲ್ಲವಲ್ಲ, ಹಾಗೆ ಕೆಳದನಿಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಪರೀಕ್ಷೆಗೆ ಗೋಡೆ ಗಡಿಯಾರದ ಸೆಲ್ ಸಾಕು. ಸೆಲ್ಲಿನ ಪ್ಲಸ್ಸನ್ನು ಸ್ಪೀಕರಿನ ಪ್ಲಸ್ಸಿಗೂ ಮೈನಸ್ಸನ್ನು ಮೈನಸ್ಸಿಗೂ ಒಂದು ಕ್ಷಣ ಮುಟ್ಟಿಸಿದರೆ ಕೋನ್ ಟಪ್ಪೆಂದು ಮುಂದಕ್ಕೆ ಬರಬೇಕು. ಹಿಂದಕ್ಕೆ ಹೋದರೆ ಗುರುತು ಅದಲುಬದಲಾಗಿದೆ.

ಇದೇ ಕಾರಣಕ್ಕೆ ಸ್ಪೀಕರಿನ ಅಂಚಿಗೆ ಫೋಮ್ ಪಟ್ಟಿ ಅಂಟಿಸಿ ಬಿಗಿ ಮಾಡುವುದೂ ಮುಖ್ಯ. ಕೋನ್ ಮುಂದಕ್ಕೆ ನೂಕಿದಾಗ ಅದರ ಬೆನ್ನ ಹಿಂದೆ ತದ್ವಿರುದ್ಧದ ಅಲೆ ಹುಟ್ಟುತ್ತದೆ. ಅಂಚಿನ ಸಂದಿಯಿಂದ ಅದು ನುಸುಳಿ ಮುಂದಿನದರ ಜೊತೆ ಸೇರಿದರೆ ಗುಂಯ್ ಮತ್ತೆ ಮಾಯ. ಐವತ್ತು ರೂಪಾಯಿಯ ಪಟ್ಟಿ ಕೊಡುವ ಸುಖವನ್ನು ಎಷ್ಟೋ ಸಲ ದುಬಾರಿ ಸ್ಪೀಕರ್ ಕೊಡುವುದಿಲ್ಲ. ತೊಟ್ಟಿಯ ಒಳಗೋಡೆಗೆ ಡ್ಯಾಂಪಿಂಗ್ ಶೀಟ್ ಅಂಟಿಸಿದರೆ ಪ್ಲಾಸ್ಟಿಕ್ಕಿನ ಗಲಗಲವೂ ತಗ್ಗುತ್ತದೆ. ಆದರೂ ಅಷ್ಟು ಪುಟ್ಟ ತೊಟ್ಟಿಯಿಂದ ಊರಹಬ್ಬದ ತಮಟೆಯ ಎದೆಬಡಿತ ಬಯಸಬಾರದು, ಅದಕ್ಕೆ ಕೆಳದನಿಗೆಂದೇ ಇರುವ ಬೇರೆ ಸ್ಪೀಕರ್, ಅಂದರೆ ಸಬ್‌ವೂಫರ್ ಬೇಕು.

ಹಿಂದಿನದನ್ನು ಎಷ್ಟು ಜೋರಿಡಬೇಕು?

ಆಗಲೇ ಹೇಳಿದ ಫಜೀತಿ ಇಲ್ಲಿದೆ. ನಮ್ಮ ಕಿವಿ ಒಂದೇ ದನಿ ಎರಡು ಕಡೆಯಿಂದ ಬಂದಾಗ, ಮೊದಲು ಮುಟ್ಟಿದ್ದು ಯಾವ ಕಡೆಯದೋ ಹಾಡು ಅಲ್ಲಿಂದಲೇ ಬರುತ್ತಿದೆ ಎಂದು ತೀರ್ಮಾನಿಸುತ್ತದೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಡ್ಯಾಶ್‌ಬೋರ್ಡಿಗಿಂತ ಸೌಂಡ್ ಬಾರ್ ಅರ್ಧ ಮೀಟರ್ ಹತ್ತಿರವಿದ್ದರೆ ಅದರ ದನಿ ಒಂದೂವರೆ ಮಿಲಿಸೆಕೆಂಡ್ ಮೊದಲೇ ಕಿವಿಗೆ ಬರುತ್ತದೆ. ಕಿವಿಗೆ ಅಷ್ಟು ಸಾಕು. ಹಿಂದಿನ ಜೋಡಿಯನ್ನಷ್ಟೇ ಬದಲಿಸಿ ಜೋರು ಮಾಡಿದರೆ ಗಾಯಕ ನೆತ್ತಿಯ ಮೇಲೆ ಕೂತು ಹಾಡಿದಂತಾಗುತ್ತದೆ. ಫೇಡರನ್ನು ಎರಡು ಮೂರು ಹೆಜ್ಜೆ ಮುಂದಕ್ಕೆ ಸರಿಸಿ. ಕೆಲವು ಹೊಸ ಡೆಕ್ಕುಗಳಲ್ಲಿ ಟೈಮ್ ಅಲೈನ್‌ಮೆಂಟ್ ಎಂಬ ಸೆಟ್ಟಿಂಗ್ ಇದ್ದು, ಹತ್ತಿರದ ಸ್ಪೀಕರನ್ನು ಅಷ್ಟು ಮಿಲಿಸೆಕೆಂಡ್ ತಡೆದು ಹಾಡಿಸುತ್ತದೆ.

ಮಾವನ ಗಾಡಿಗೆ ಕೊನೆಗೆ ಹಾಕಿದ್ದು 4 ಓಮಿನ, 91 ಡೆಸಿಬೆಲ್ಲಿನ ರಬ್ಬರ್ ಬಳೆಯ ಕೋಆಕ್ಸಿಯಲ್ ಜೋಡಿ. ಆಂಪ್ಲಿಫೈಯರ್ ಇಲ್ಲ. ಶ್ರೀರಂಗಪಟ್ಟಣದ ತನಕ ಒಂದು ಸುತ್ತು ಹೋಗಿ ಬಂದರು. ಹೆಂಗಿದೆ ಮಾವ ಅಂದೆ.

"ಗೊರ್ರ್ ಅನ್ನೋದು ಹೋಯ್ತು ಕಣ್ಲಾ" ಅಂದರು. "ಈಗ ಹಿಂದ್ಲು ಬಾಗ್ಲು ಗಡಗಡ ಅನ್ನೋದು ಚೆಂದಾಗ್ ಕೇಳ್ತದೆ. ನಾಳೆ ಒಂದ್ ಸ್ಪ್ಯಾನರ್ ತಗೊಂಡ್ ಬಾ."